ಸೆಕೆಂಡಿಗೆ ನೂರಾ ನಲವತ್ನಾಲ್ಕು ನವಿಲು

ನಮ್ಮ ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಯ ಮೇಲೆ ಲ್ಯಾಪ್‌ಟಾಪಿನ ಹಳೆಯ ಸ್ಕ್ರೀನೊಂದು ಮುಚ್ಚಳವಾಗಿ ಕೂತಿದೆ. ಡಬ್ಬಿ ದುಂಡಗೆ, ಸ್ಕ್ರೀನು ಉದ್ದಕ್ಕೆ. ಹಾಗಾಗಿ ಅದು ಎರಡೂ ಬದಿಗೆ ಚಾಚಿಕೊಂಡು ಹೋಗಿಬರುವವರ ಮೊಳಕೈಗೆ ತಾಗುತ್ತಿರುತ್ತದೆ. ಆದರೂ ಜಿರಲೆ ಒಳಗೆ ಹೋಗುವುದಿಲ್ಲ ಎನ್ನುವುದು ಅದರ ಹೆಚ್ಚುಗಾರಿಕೆ. ಮನೆಗೆ ಬಂದವರು ಅದೇನು ಎಂದು ಕೇಳಿಯೇ ಕೇಳುತ್ತಾರೆ. ನನ್ನ ಹೆಂಡತಿ ಕಸ್ತೂರಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಅದು ಇವರ ಕಂಪ್ಯೂಟರಿಂದು ಹಳೇ ಸ್ಕ್ರೀನ್ ರೀ. ಅದಕ್ಕೇನೂ ಆಗಿಲ್ರೀ," ಎನ್ನುತ್ತಾಳೆ. ಆ ಕೊನೆಯ ಮಾತನ್ನು ಒಂದಿಷ್ಟು ಎಳೆದೇ ಹೇಳುತ್ತಾಳೆ. ಬಂದವರು ನನ್ನ ಕಡೆ ನೋಡುತ್ತಾರೆ, ನಾನು ಫ್ಯಾನಿನ ಕಡೆ ನೋಡುತ್ತೇನೆ.

ಏನೂ ಆಗದ ಸ್ಕ್ರೀನನ್ನು ನಾನೇಕೆ ಕೀಳಿಸಿದೆ ಎನ್ನುವುದು ಸ್ವಲ್ಪ ಉದ್ದದ ಕಥೆ. ನಿಮಗೆ ಪುರಸೊತ್ತಿದೆ ಎಂದು ನಂಬಿಕೊಂಡು ಹೇಳುತ್ತೇನೆ.

ನಾನು ಬನಹಟ್ಟಿಯವನು. ಸೀರೆಯ ದಡಿ ಬಿಡಿಸುವುದು ನನ್ನ ಕಸುಬು. ದಡಿ ಎಂದರೆ ಸೀರೆಯ ಅಂಚು. ಅದರಲ್ಲಿ ಸಾಲಾಗಿ ನಿಲ್ಲುವ ನವಿಲು, ಗೋಪುರ, ಬಳ್ಳಿ ಇವೆಲ್ಲ ಮೊದಲು ಹುಟ್ಟುವುದು ನನ್ನ ಲ್ಯಾಪ್‌ಟಾಪಿನಲ್ಲಿ. ಸಣ್ಣ ಸಣ್ಣ ಚೌಕಗಳ ಮೇಲೆ ಒಂದೊಂದೇ ಚೌಕ ತುಂಬುತ್ತ ಹೋದರೆ ಒಂದು ನವಿಲಾಗುತ್ತದೆ. ಆಮೇಲೆ ಅದೇ ಲೆಕ್ಕದಲ್ಲಿ ರಟ್ಟಿನ ಪಟ್ಟಿಗಳಿಗೆ ತೂತು ಬೀಳುತ್ತದೆ, ಆ ಪಟ್ಟಿಗಳು ಮಗ್ಗದ ಮೇಲೆ ಏರುತ್ತವೆ, ಮಗ್ಗ ಅವು ಹೇಳಿದಂತೆ ನೇಯುತ್ತದೆ. ದಡಿಗೆ ಯಾವ ಬಣ್ಣ, ಒಡಲಿಗೆ ಯಾವ ಬಣ್ಣ ಎಂದು ನೂಲಿನ ಲಡಿ ನೋಡಿ, ಸ್ಕ್ರೀನಿನ ಮೇಲೆ ಜೋಡಿ ಕೂಡಿಸುವುದೂ ನನ್ನದೇ ಕೆಲಸ. ನಮ್ಮ ಅಪ್ಪ ಇದನ್ನೆಲ್ಲ ಕೈಮಗ್ಗದ ಕುಣಿಯಲ್ಲಿ ಕೂತು, ಕಾಲಲ್ಲಿ ತುಳಿಯುತ್ತ, ಬೆವರು ಸುರಿಸಿ ಮಾಡುತ್ತಿದ್ದ. ನಾನು ಕುರ್ಚಿಯಲ್ಲಿ ಕೂತು ಇಲಿಯ ಬಾಲ ಹಿಡಿದು ಮಾಡುತ್ತೇನೆ. ಇಷ್ಟಕ್ಕೇ ಓಣಿಯಲ್ಲಿ ನನ್ನನ್ನು ಇಂಜಿನಿಯರ್ ಎಂದು ಕರೆಯುವವರಿದ್ದಾರೆ, ನಾನೂ ತಿದ್ದಲು ಹೋಗಿಲ್ಲ.

ಎರಡು ಮೂರು ವರ್ಷದ ಹಿಂದೆ ನನ್ನ ನವಿಲುಗಳಿಗೆ ಏನೋ ಆಗತೊಡಗಿತು. ಅವುಗಳ ಕತ್ತಿನ ಸುತ್ತ ಮಂಜು. ಬಳ್ಳಿಯ ಗೆರೆ ಒಂದಿದ್ದದ್ದು ಎರಡಾಗಿ ಕಾಣುವುದು. ಸ್ಕ್ರೀನಿನ ಮೇಲೆ ಯಾರೋ ಕರಿದ ಎಣ್ಣೆ ಸವರಿ ಹೋದಂತೆ ಒಂದು ಮಬ್ಬು. ಕರವಸ್ತ್ರದಿಂದ ಒರೆಸಿದೆ. ಹಳೆಯ ಧೋತರದಿಂದ ಒರೆಸಿದೆ. ಕಸ್ತೂರಿಯ ಸೀರೆಯ ಸೆರಗಿನಿಂದಲೂ ಒರೆಸಿದೆ, ಆಕೆ ಅದನ್ನು ಉಟ್ಟುಕೊಂಡಿದ್ದಾಗಲೇ.

"ಅದನ್ನ ಒರಸಬ್ಯಾಡ್ರಿ, ನಿಮ್ಮ ಕಣ್ಣ ತೋರಸ್ರಿ," ಎಂದಳು ಕಸ್ತೂರಿ.

"ನನ್ನ ಕಣ್ಣಿಗೇನ ಆಗೇತಿ? ಸ್ಕ್ರೀನ್ ಹಳೇದಾಗೇತಿ ಇದು. ದಣದೈತಿ."

"ಸ್ಕ್ರೀನೂ ದಣೀತೈತೇನ್ರಿ?"

"ಹಗಲೆಲ್ಲಾ ಕೆಲಸಾ ಮಾಡಿದ್ರ ಯಾರರ ದಣೀತಾರ," ಎಂದೆ.

ಇದು ನನ್ನ ಸ್ವಂತ ಬುದ್ಧಿಯಲ್ಲ, ನಮ್ಮ ಮನೆತನದಲ್ಲಿ ನಡೆದುಬಂದದ್ದು. ಕಣ್ಣು ಮಸುಕಾದರೆ ಬೆಳಕಿನ ಮೇಲೆ ಗುಮಾನಿ ಪಡುವುದು ನಮ್ಮಲ್ಲಿ ಪದ್ಧತಿ. ಅಪ್ಪನಿಗೆ ನೂಲು ಕಾಣದಾದಾಗ ಮೊದಲು ಲಾಟೀನಿನ ಗಾಜು ತಿಕ್ಕಿಸಿದ. ಬೂದಿ ಹಚ್ಚಿ ಅದನ್ನು ತಿಕ್ಕುವ ಕೆಲಸ ನನ್ನದಾಗಿತ್ತು. ಗಾಜು ಫಳಫಳ ಎಂದರೂ ಅಪ್ಪನಿಗೆ ಸಮಾಧಾನವಿಲ್ಲ. ಬತ್ತಿ ಸರಿಯಿಲ್ಲ ಎಂದ, ಬತ್ತಿ ಬದಲಾಯಿತು. ಚಿಮಣಿ ಎಣ್ಣೆಯಲ್ಲಿ ನೀರು ಬೆರೆಸುತ್ತಾರೆ ಎಂದು ಅಂಗಡಿಯವನ ಜೊತೆ ಜಗಳ ತೆಗೆದ. ಕರೆಂಟು ಬಂತು, ಬಲ್ಬು ಬಂತು, ಟ್ಯೂಬ್‌ಲೈಟು ಬಂತು. ಟ್ಯೂಬ್‌ಲೈಟು ನಡುಗುತ್ತದೆ ಎಂದು ಅದನ್ನೂ ಬೈದ. ಕೊನೆಗೆ ಗೋಡೆ ಒಡೆಸಿ ಪಡುವಲಕ್ಕೆ ಒಂದು ಕಿಟಕಿ ಇಡಿಸಿದ. ಆ ಕಿಟಕಿಯಿಂದ ಬೆಳಕಿಗಿಂತ ಹೆಚ್ಚಾಗಿ ಪಕ್ಕದ ಮನೆಯ ಆಡು ಒಳಗೆ ಬರುತ್ತಿತ್ತು.

ಇಷ್ಟೆಲ್ಲ ಆದ ಮೇಲೆ ಒಂದು ದಿನ ಯಾರೂ ಏನೂ ಹೇಳದೆ ಅಪ್ಪ ಮಗ್ಗದ ಕುಣಿಯಿಂದ ಎದ್ದು ಬಂದು ರಾಟಿಯ ಮುಂದೆ ಕೂತ. ನಿಮಗೆ ನೇಕಾರರ ಮನೆಯ ರೀತಿ ಗೊತ್ತಿರಲಿಕ್ಕಿಲ್ಲ. ಲಾಳಿಯೊಳಗೆ ಹಾಕುವ ಸಣ್ಣ ನೂಲಿನ ಉರುಳೆಗೆ ನಾವು ಕಂಡಿಕೆ ಎನ್ನುತ್ತೇವೆ. ಅದನ್ನು ಸುತ್ತುವ ಕೆಲಸ ಮುದುಕಿಯರದು, ಸಾಲೆಗೆ ಹೋಗದ ಹುಡುಗರದು, ಕಣ್ಣು ಹೋದವರದು. ಮಗ್ಗದಿಂದ ಕಂಡಿಕೆಗೆ ಬಂದವನು ಮತ್ತೆ ಮಗ್ಗಕ್ಕೆ ಹೋದದ್ದನ್ನು ನಾನು ಕಂಡಿಲ್ಲ. ಅದುವರೆಗೆ ನಮ್ಮ ಮನೆಗೆ ಬಂದವರು, ಈಗ ಮಗ್ಗದ ಮೇಲೆ ಏನು ಹಚ್ಚಿದ್ದೀರಿ ಎಂದು ಅಪ್ಪನನ್ನು ಕೇಳುತ್ತಿದ್ದರು. ಆಮೇಲೆ, ಆರಾಮ ಇದ್ದೀರಾ ಎಂದು ಮಾತ್ರ ಕೇಳತೊಡಗಿದರು. ಹುಡುಗನಾಗಿದ್ದ ನನಗೆ ಕಂಡಿಕೆ ಎಂದರೆ ಅವತ್ತಿನಿಂದ ಒಂದು ಹೆದರಿಕೆ. ಸ್ಕ್ರೀನ್ ದಣಿದಿದೆ ಎಂದು ನಾನು ಹಟ ಹಿಡಿದದ್ದು ಆ ಹೆದರಿಕೆಯಿಂದಲೇ. ಕಸ್ತೂರಿಗೆ ಮಾತ್ರ ಇದನ್ನು ಹೇಳಿರಲಿಲ್ಲ.

ಹಾಗೆ ನೋಡಿದರೆ ನಮ್ಮ ಓಣಿಯಲ್ಲಿ ಸ್ಕ್ರೀನ್ ಸುಧಾರಿಸಿದ್ದು ಇದೇ ಮೊದಲಲ್ಲ. ನಾನು ಚಿಕ್ಕವನಿದ್ದಾಗ ಓಣಿಗೊಂದು ಕಪ್ಪು ಬಿಳುಪಿನ ಟೀವಿ ಬಂತು. ಕಲರ್ ಟೀವಿ ಕೊಳ್ಳುವ ತಾಕತ್ತಿಲ್ಲದವರಿಗಾಗಿ ಯಾರೋ ಪುಣ್ಯಾತ್ಮರು ಒಂದು ಪ್ಲಾಸ್ಟಿಕ್ ಹಾಳೆ ಕಂಡುಹಿಡಿದಿದ್ದರು. ಮೇಲೆ ನೀಲಿ, ನಡುವೆ ಕೆಂಪು ಹಳದಿ, ಕೆಳಗೆ ಹಸಿರು. ಅದನ್ನು ಟೀವಿಯ ಮುಂದೆ ಕಟ್ಟಿದರೆ ಆಕಾಶ ನೀಲಿಯಾಗಿ, ನೆಲ ಹಸಿರಾಗಿ ಕಾಣುತ್ತದೆ ಎನ್ನುವುದು ಲೆಕ್ಕ. ಆದರೆ ಟೀವಿಯಲ್ಲಿ ಯಾವಾಗಲೂ ಆಕಾಶ, ನೆಲ ಎಲ್ಲಿರುತ್ತವೆ? ವಾರ್ತೆ ಓದುವ ಹೆಣ್ಣುಮಗಳು ನೀಲಿ ತಲೆ, ಹಳದಿ ಮುಖ, ಹಸಿರು ಕೊರಳು ಹೊತ್ತು ನಾಡಿನ ಸುದ್ದಿ ಹೇಳುತ್ತಿದ್ದಳು. ಇಡೀ ಓಣಿ ಅದನ್ನು ನೋಡಿ, "ಕಲರ್ ಅಂದ್ರ ಕಲರ್ ನೋಡ್ರಿ," ಎಂದು ತಲೆದೂಗಿತು. ಹಾಳೆ ಬಿಚ್ಚಿ ನೋಡೋಣ ಎಂದು ಯಾರೂ ಅನ್ನಲಿಲ್ಲ, ಏಕೆಂದರೆ ಹಾಳೆಗೆ ದುಡ್ಡು ಕೊಟ್ಟಾಗಿತ್ತು. ಆ ಓಣಿಯಲ್ಲಿ ಬೆಳೆದ ನಾನು ದೊಡ್ಡವನಾದ ಮೇಲೆ ಬುದ್ಧಿವಂತನಾಗುತ್ತೇನೆ ಎಂದು ನೀವು ಹೇಗೆ ನಿರೀಕ್ಷಿಸುತ್ತೀರಿ?

ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿಕೊಂಡು ಜಮಖಂಡಿಗೆ ಹೋದೆ. ಅಲ್ಲಿ ಇರ್ಫಾನ್ ಎಂಬ ರಿಪೇರಿಯವನಿದ್ದಾನೆ, ಮಾತಿನಲ್ಲೂ ಕೈಯಲ್ಲೂ ಚುರುಕು. ನಾನು ನವಿಲಿನ ಕತ್ತಿನ ಮಂಜಿನ ಸಮಾಚಾರ ಹೇಳಿದೆ. ಅವನು ಸ್ಕ್ರೀನ್ ಹಚ್ಚಿ ನೋಡಿದ, ವಾರೆ ಮಾಡಿ ನೋಡಿದ, ಮತ್ತೆ ನನ್ನನ್ನು ನೋಡಿದ.

"ಸರ, ಸ್ಕ್ರೀನ್ ಛಲೋನ ಐತ್ರಿ."

"ಇಲ್ಲಪಾ, ಮಸಕ ಮಸಕ ಕಾಣತೈತಿ. ದಣದೈತಿ ಅದು."

ಗಿರಾಕಿಯ ಮಾತಿಗೆ ಎರಡನೇ ಸಲ ಎದುರಾಡುವುದು ಅಂಗಡಿ ಧರ್ಮವಲ್ಲ. ಇರ್ಫಾನ್ ಒಳಗಿನಿಂದ ಒಂದು ತೆಳ್ಳಗಿನ ಡಬ್ಬ ತಂದ. "ಹಂಗಿದ್ರ ಇದನ್ನ ಹಾಕೂಣ್ರಿ. ನಿಮ್ಮ ಹಳೇದು ಸೆಕೆಂಡಿಗೆ ಅರವತ್ತ ಸಲ ಚಿತ್ರಾ ಹೊಸಾದ ಮಾಡ್ತೈತಿ. ಇದು ನೂರಾ ನಲವತ್ನಾಲ್ಕ ಸಲ ಮಾಡ್ತೈತಿ. ಬೆಣ್ಣಿ ಹಂಗ ಓಡ್ತೈತ್ರಿ. ಗೇಮ್ ಆಡ್ತೀರೇನ್ರಿ ನೀವು?"

"ಇಲ್ಲಪಾ, ದಡಿ ಬಿಡಸ್ತೀನಿ."

ಇರ್ಫಾನ್ ಡಬ್ಬವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. "ಅದಕ್ಕೂ ಛಲೋರಿ," ಎಂದ.

ಆ ನೋಟದಲ್ಲೇ ನಾನು ತಿಳಿದುಕೊಳ್ಳಬೇಕಾಗಿತ್ತು. ನನ್ನ ನವಿಲು ಓಡುವುದಿಲ್ಲ, ಹಾರುವುದಿಲ್ಲ, ಕಣ್ಣು ಕೂಡ ಮಿಟುಕಿಸುವುದಿಲ್ಲ. ಸೀರೆಯ ಅಂಚಿನಲ್ಲಿ ನಿಂತದ್ದು ನಿಂತೇ ಇರುವುದು ಅದರ ಹುಟ್ಟುಗುಣ. ಅಂಥ ನವಿಲನ್ನು ಸೆಕೆಂಡಿಗೆ ನೂರಾ ನಲವತ್ನಾಲ್ಕು ಸಲ ಅಳಿಸಿ ಮತ್ತೆ ಅದೇ ನವಿಲನ್ನು ಬರೆಯುವ ಯಂತ್ರಕ್ಕೆ ನಾನು ಮನಸೋತೆ. ಆದರೆ ಇದರಲ್ಲಿ ನಾನೊಬ್ಬನೇ ಮರುಳನಲ್ಲ. ನಮ್ಮ ಕಾಲದಲ್ಲಿ ಎಲ್ಲದಕ್ಕೂ ಹೊಸತಾಗುವ ಚಟ ಹಿಡಿದಿದೆ. ಫೋನು ದಿನಾ ಬೆಳಗ್ಗೆ ಅಪ್‌ಡೇಟ್ ಕೇಳುತ್ತದೆ, ಕೊಟ್ಟರೆ ನಿನ್ನೆ ಇದ್ದ ಬಟನ್ ಇವತ್ತು ಬೇರೆ ಕಡೆ ಇರುತ್ತದೆ, ಅಷ್ಟೇ. ಓಣಿಯ ಹೋಟೆಲಿಗೆ ಹೊಸ ಬೋರ್ಡು ಬರುತ್ತದೆ, ಒಳಗೆ ಭಜಿಯ ಎಣ್ಣೆ ಹಳೆಯದೇ. ಓಟು ಕೇಳಲು ಬರುವವರು ಪಕ್ಷ ಬದಲಿಸಿ, ಶಾಲು ಬದಲಿಸಿ, ಅದೇ ನಗು ಹೊತ್ತು ಬರುತ್ತಾರೆ. ನಾವೂ ಅವರಿಗೆ ಅದೇ ಚಹ ಕೊಡುತ್ತೇವೆ. ಬದಲಾಗದೇ ಹೊಸತಾಗುವ ವಿದ್ಯೆಯನ್ನು ಕಲಿತದ್ದು ನನ್ನ ಸ್ಕ್ರೀನೊಂದೇ ಅಲ್ಲ.

ಹೊಸ ಸ್ಕ್ರೀನಿಗೆ ಹಳೆಯ ಕೇಬಲ್ ಹೊಂದಲಿಲ್ಲ. ಅದರ ಪಿನ್ನು ಬೇರೆ. ಕೇಬಲ್ ತರಿಸಬೇಕೆಂದು ಇರ್ಫಾನ್ ಮತ್ತೆ ಮತ್ತೆ ಬರಹೇಳಿದ. ಕಸ್ತೂರಿಯ ತವರು ಜಮಖಂಡಿಯೇ, ಆದರೂ ಮದುವೆಗೆ ಮೊದಲು ಕೂಡ ನಾನು ಅಲ್ಲಿಗೆ ಹಾಗೆ ಓಡಾಡಿರಲಿಲ್ಲ. ಅಂತೂ ಸ್ಕ್ರೀನ್ ಕೂತಿತು. ಹಳೆಯದನ್ನು ಪೇಪರಿನಲ್ಲಿ ಸುತ್ತಿಸಿಕೊಂಡು ಬಂದೆ. ಕೆಟ್ಟಿಲ್ಲದ್ದನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲ.

ಊರಿಗೆ ಬಂದು ಹಚ್ಚಿ ನೋಡಿದೆ. ಆಹಾ! ಕೆಳಗಿನ ಮಾತನ್ನು ನಾನು ಅಂದದ್ದು ನಿಜ, ಕಸ್ತೂರಿ ಅದನ್ನು ಇವತ್ತಿಗೂ ಮರೆತಿಲ್ಲ: "ನೋಡ, ನವಲಿಗೆ ಜೀವಾ ಬಂದೈತಿ."

ನಮ್ಮ ಕಡೆ ಒಬ್ಬರ ಮನೆಗೆ ಹೊಸ ವಸ್ತು ಬಂದರೆ ನೋಡಲು ಹೋಗುವುದು ಮರ್ಯಾದೆ. ಫ್ರಿಜ್ಜಾಗಲಿ, ಎಮ್ಮೆಯಾಗಲಿ, ಸೊಸೆಯಾಗಲಿ. ನೋಡುವುದು ಎಂದರೆ ನೇಕಾರರ ಊರಲ್ಲಿ ಕಣ್ಣಿನ ಕೆಲಸವಲ್ಲ, ಬೆರಳಿನ ಕೆಲಸ. ಸೀರೆಯ ಸೆರಗನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿಕ್ಕಿದರೆ ಮಾತ್ರ ನೋಡಿದಂತೆ. ಹೀಗೆ ತಿಕ್ಕಿ ತಿಕ್ಕಿ ರೂಢಿಯಾಗಿ ನಾವು ಯಾವುದನ್ನೂ ಮುಟ್ಟದೆ ಒಪ್ಪುವುದಿಲ್ಲ. ಲಗ್ನಪತ್ರಿಕೆ ಕೈಗೆ ಬಂದರೆ ಓದುವ ಮೊದಲು ಮೂಲೆ ಹಿಡಿದು ತಿಕ್ಕುತ್ತೇವೆ. ಆಸ್ಪತ್ರೆಯಲ್ಲಿ ಹಾಸಿಗೆಯ ಮೇಲಿದ್ದವರನ್ನು ಮಾತಾಡಿಸಲು ಹೋದವರು ಚಾದರದ ಅಂಚು ತಿಕ್ಕುತ್ತ, "ಹೆಂಗದೀರಿ?" ಎನ್ನುತ್ತಾರೆ.

ಮೊದಲು ಬಂದವರು ಎದುರುಮನೆಯ ಮಲ್ಲಪ್ಪ ಕಾಕಾ. ನಾಲ್ಕು ಮಗ್ಗಗಳ ಧಣಿ. ನನ್ನ ದಡಿಗಳೆಲ್ಲ ಮೊದಲು ನೇಯುವುದು ಅವರಲ್ಲೇ.

"ಏನ ಈರಣ್ಣಾ, ಹೊಸಾ ಸ್ಕ್ರೀನ್ ತಂದೀಯಂತ? ಎಷ್ಟಂತದು?"

"ನೂರಾ ನಲವತ್ನಾಲ್ಕ, ಕಾಕಾ."

"ಇಂಚಿಗೆ?"

ಒಂದು ಇಂಚಿನಲ್ಲಿ ಎಷ್ಟು ಎಳೆ ಕೂತಿವೆ ಎಂಬ ಲೆಕ್ಕ ಬಿಟ್ಟರೆ ಬಟ್ಟೆಯ ಊರಿನವರಿಗೆ ಬೇರೆ ಲೆಕ್ಕವಿಲ್ಲ. ಇಂಚಿಗಲ್ಲ ಕಾಕಾ, ಸೆಕೆಂಡಿಗೆ ಎಂದು ನಾನು ಹೇಳುವಷ್ಟರಲ್ಲಿ ಕಾಕಾ ಸ್ಕ್ರೀನಿನ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದಾಗಿತ್ತು. ಕಣ್ಣು ಮುಚ್ಚಿ ತಿಕ್ಕಿದರು. ಹೆಬ್ಬೆರಳು ಒತ್ತಿದ ಕಡೆ ನವಿಲಿನ ತಲೆ ಕಾಮನಬಿಲ್ಲಿನಂತೆ ಬಣ್ಣ ಒಡೆದು ಮತ್ತೆ ಸರಿಯಾಯಿತು. ನನ್ನ ಜೀವ ಬಾಯಿಗೆ ಬಂದಿತ್ತು.

"ಸಣ್ಣ ಐತಿ. ನೂಲಿನ ಗಂಟ ಎಲ್ಲೂ ಹತ್ತೂದಿಲ್ಲ," ಎಂದು ಕಾಕಾ ಸರ್ಟಿಫಿಕೇಟ್ ಕೊಟ್ಟರು.

ಅಲ್ಲಿಂದ ಒಂದು ವಾರ ನಮ್ಮ ಮನೆಗೆ ಜನ. ಎಲ್ಲರೂ ಚಹ ಕುಡಿದರು, ಎಲ್ಲರೂ ತಿಕ್ಕಿದರು, ಎಲ್ಲರೂ ಒಪ್ಪಿದರು. ನಾನು ನವಿಲನ್ನು ಸ್ಕ್ರೀನಿನ ಈ ಕಡೆಯಿಂದ ಆ ಕಡೆಗೆ ಎಳೆದಾಡಿ, "ನೋಡ್ರಿ, ಹೆಂಗ ಜಾರತೈತಿ," ಎಂದು ತೋರಿಸಿದೆ. "ಹೌದೌದು, ಬೆಣ್ಣಿ, ಬೆಣ್ಣಿ," ಎಂದರು. ಕಸ್ತೂರಿ ಚಹದ ಕಪ್ಪು ತೊಳೆದು ತೊಳೆದು ಸಾಕಾಗಿ, "ಇನ್ನ ಆ ನವಲಿನ ಹಿಂದನ ನಾನೂ ಹಾರಿ ಹೋಗ್ತೀನಿ," ಎಂದಳು.

ತೇರದಾಳದಿಂದ ಪದ್ಮಣ್ಣ ಸಾವಕಾರರು ಬಂದರು. ನನ್ನ ದಡಿಯ ಸೀರೆಗಳನ್ನು ಕೊಂಡು ಊರೂರಿಗೆ ಕಳಿಸುವ ವ್ಯಾಪಾರಿ. ಅವರು ಸ್ಕ್ರೀನನ್ನು ಬರೀ ತಿಕ್ಕಲಿಲ್ಲ, ವಿಚಾರವನ್ನೂ ಮಾಡಿದರು. ತಿಂಗಳೊಪ್ಪತ್ತಿನಲ್ಲಿ ನನ್ನ ಸೀರೆಗಳ ಮಡಿಕೆಯ ಮೇಲೆ ಬಂಗಾರದ ಬಣ್ಣದ ಚೀಟಿಯೊಂದು ಹತ್ತಿಕೊಂಡಿತು: "ಒನ್ ಫಾರ್ಟಿಫೋರ್ ಸಾರಿ." ಅದೇನೆಂದು ಗಿರಾಕಿಗಳು ಕೇಳಿದರೆ ಸಾವಕಾರರು, "ಕಂಪ್ಯೂಟರಿಂದ್ರಿ, ಭಾಳ ಹೊಸಾದು," ಎನ್ನುತ್ತಿದ್ದರಂತೆ. ಸೀರೆ ಹೋಗತೊಡಗಿತು. ಮುಧೋಳದಿಂದ ಕೇಳಿಕೊಂಡು ಬಂದರು, ಬೀಳಗಿಯಿಂದ ಬಂದರು. ನನ್ನ ಬಣ್ಣದ ಜೋಡಿಗೆ ಈಗೀಗ ಬೇರೆಯೇ ಒಂದು ಖದರು ಬಂದಿದೆ ಎಂದು ಸಾವಕಾರರು ಹೊಗಳಿದರು. ಎಲ್ಲ ಆ ಸ್ಕ್ರೀನಿನ ಪ್ರತಾಪ ಎಂದು ನಾನು ಎದೆಯುಬ್ಬಿಸಿದೆ.

ಆದರೆ ಮಂಜು ಹೋಗಿರಲಿಲ್ಲ. ಹೊಸ ಸ್ಕ್ರೀನು ಬಂದ ಹುರುಪಿನಲ್ಲಿ ಒಂದೆರಡು ದಿನ ಅದು ಹಿಂದೆ ಸರಿದು ನಿಂತಿತ್ತು, ಅಷ್ಟೇ. ಮತ್ತೆ ನವಿಲಿನ ಕತ್ತಿಗೆ ಬಂದು ಸುತ್ತಿಕೊಂಡಿತು. ಒಂದು ಚೌಕ ತುಂಬಲು ನಾನು ಮೂಗನ್ನು ಸ್ಕ್ರೀನಿಗೆ ತಾಗಿಸಿ ಕೂರುತ್ತಿದ್ದೆ. ಕಸ್ತೂರಿ ಬಾಗಿಲಲ್ಲಿ ನಿಂತು ನೋಡಿ ಏನೂ ಅನ್ನದೆ ಹೋಗುತ್ತಿದ್ದಳು. ಆಕೆ ಬೈದಿದ್ದರೆ ಉತ್ತರ ಕೊಡಬಹುದಾಗಿತ್ತು, ಸುಮ್ಮನಿರುವವರಿಗೆ ಏನು ಹೇಳುವುದು? ಕಡೆಗೆ ಇರ್ಫಾನನಿಗೆ ಫೋನು ಮಾಡಿ, ಸ್ಕ್ರೀನು ಮತ್ತೆ ದಣಿದಿದೆ ಎಂದೆ.

"ಸರ, ಸೆಟಿಂಗಿನ್ಯಾಗ ನೂರಾ ನಲವತ್ನಾಲ್ಕ ಮಾಡ್ಕೊಂಡೀರಿಲ್ಲೊ?"

"ಅದನ್ನ ನಾ ಮಾಡಬೇಕೇನ?"

"ಅಯ್ಯ, ಅವತ್ತ ಗಡಿಬಿಡ್ಯಾಗ ನಾ ಮರತಿದ್ದೆ ಕಾಣತೈತ್ರಿ. ಇನ್ನೂ ಅರವತ್ತರಾಗ ಓಡಾಕತ್ತಿರಬೇಕದು."

ಹಾಗೆಂದರೆ ಇಷ್ಟು ದಿನ ಬೆಣ್ಣೆಯಂತೆ ಜಾರಿದ ನವಿಲು, ಓಣಿಯ ಮಂದಿ ತಲೆದೂಗಿದ ನವಿಲು, ಪದ್ಮಣ್ಣ ಸಾವಕಾರರ ಬಂಗಾರದ ಚೀಟಿಯ ನವಿಲು, ಎಲ್ಲವೂ ಹಳೆಯ ಅರವತ್ತರದೇ. ನಾನು ಬಿದ್ದು ಬಿದ್ದು ನಗಬೇಕಿತ್ತು. ನಗಲಿಲ್ಲ. ನನಗೆ ಹುರುಪೇ ಬಂತು. ಇನ್ನೂ ಒಂದು ಆಸೆ ಉಳಿದಿದೆಯಲ್ಲ! ತಪ್ಪು ಸೆಟಿಂಗಿನದು, ಕಣ್ಣಿನದಲ್ಲ.

ಇರ್ಫಾನ್ ಒಳ್ಳೆಯವನು, ಪಕ್ಕದ ರಬಕವಿಯಲ್ಲಿ ಕೆಲಸವಿದ್ದ ದಿನ ಮನೆಗೇ ಬಂದ. ನಾನು ಪಕ್ಕದಲ್ಲಿ, ಕಸ್ತೂರಿ ಹಿಂದೆ. ಅವನು ಅಲ್ಲಿ ಇಲ್ಲಿ ಒತ್ತಿ, ನವಿಲನ್ನು ಆ ಕಡೆ ಈ ಕಡೆ ಎಳೆದು, "ಈಗ ಇದು ಅರವತ್ತ ನೋಡ್ರಿ ಸರ," ಎಂದ. ನಾನು ನೋಡಿದೆ. ಮತ್ತೆ ಏನೋ ಒತ್ತಿದ.

ನನಗೆ ತಡೆಯಲಾಗಲಿಲ್ಲ. "ಆಹಾ! ಏನ ಫರಕ ಐತೋ ಮಾರಾಯಾ! ಅಗದೀ ನಿಚ್ಚಳ!"

ಇರ್ಫಾನ್ ಕೆಮ್ಮಿದ.

"ಅವ ಇನ್ನೂ ಬದಲಿ ಮಾಡಿಲ್ರಿ," ಎಂದಳು ಕಸ್ತೂರಿ. "ಬದಲಿ ಮಾಡಲೇನು ಬ್ಯಾಡೇನು ಅಂತ ಮಷೀನ್ ಕೇಳಾಕತ್ತೈತಿ. ಅಲ್ಲೇ ದೊಡ್ಡದಾಗಿ ಬರದೈತಿ. ನಿಮಗ ಅದ ಕಾಣವಲ್ದು."

ಇರ್ಫಾನ್ ನೂರಾ ನಲವತ್ನಾಲ್ಕು ಮಾಡಿ, ಚಹ ಕೂಡ ಕುಡಿಯದೆ, ಗಾಡಿ ಹತ್ತಿ ಹೋದ. ನಾನು ಸ್ಕ್ರೀನಿನ ಮುಂದೆ ಕೂತೇ ಇದ್ದೆ. ಸೆಕೆಂಡಿಗೆ ನೂರಾ ನಲವತ್ನಾಲ್ಕು ನವಿಲು ಬಂದು ಹೋಗುತ್ತಿದ್ದವು, ಒಂದಾದರೂ ನೆಟ್ಟಗೆ ಕಾಣುತ್ತಿರಲಿಲ್ಲ. ಬೈಯಲು ಇನ್ನು ಯಾವ ಲಾಟೀನೂ ಉಳಿದಿರಲಿಲ್ಲ. ನಿಜ ಹೇಳುತ್ತೇನೆ, ನನಗೆ ಬಹಳ ಹೆದರಿಕೆಯಾಗಿತ್ತು.

ಕಸ್ತೂರಿ ಬಂದು ಎದುರಿಗೆ ಕೂತಳು. ಬೈಯುತ್ತಾಳೆಂದುಕೊಂಡೆ.

"ನಿಮ್ಮನ್ನ ಕಂಡಿಕಿ ಸುತ್ತಾಕ ಯಾರೂ ಹಚ್ಚೂದಿಲ್ರಿ," ಎಂದಳು. "ಮಾವಾರ ಕಾಲ ಅಲ್ಲಿದು. ಮೋತಿಬಿಂದು ಇದ್ರ ತಗಸಿದ್ರಾತು. ನಾಳಿಗೆ ಹೋಗೂಣ ಏಳ್ರಿ."

ನಾನು ಒಂದು ದಿನವೂ ಬಾಯಿಬಿಟ್ಟು ಹೇಳದ ಮಾತು ಆಕೆಗೆ ಹೇಗೆ ಗೊತ್ತಾಯಿತೆಂದು ಕೇಳಲಿಲ್ಲ. ಮರುದಿನ ಅಂಗಿ ಹಾಕಿಕೊಂಡು ಆಕೆಯ ಹಿಂದೆ ಹೊರಟೆ.

ಕಸ್ತೂರಿ ಅಂದ ಮೋತಿಬಿಂದುವೇ, ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಾಗಿದ ಹಣ್ಣು ಎಂದರು ಡಾಕ್ಟರು, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದೂ ಕೇಳಿದರು. ಸ್ಕ್ರೀನ್ ಬದಲಿಸುತ್ತಿದ್ದೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ಒಂದಾದ ಮೇಲೊಂದು ಎರಡೂ ಕಣ್ಣಿನ ಆಪರೇಶನ್ ಆಯಿತು. ಹೆದರಿದಷ್ಟು ಏನೂ ಇರಲಿಲ್ಲ, ಹಲ್ಲು ಕೀಳಿಸಿದ್ದು ಇದಕ್ಕಿಂತ ದೊಡ್ಡ ಸಂಕಟವಾಗಿತ್ತು.

ಪಟ್ಟಿ ಬಿಚ್ಚಿ ಮನೆಗೆ ಬಂದರೆ ಅದು ಬೇರೆಯವರ ಮನೆ. ಗೋಡೆ ತುಂಬ ಕೈಗುರುತು, ಮೂಲೆಯಲ್ಲಿ ಜೇಡ. ಕನ್ನಡಿಯಲ್ಲಿ ನಮ್ಮ ಅಪ್ಪ ನಿಂತಿದ್ದ, ಅದೂ ಗಡ್ಡ ಬಿಟ್ಟುಕೊಂಡು. ಆಕಾಶದ ನೀಲಿಯನ್ನು ನೋಡಿ ಅಂಗಳದಲ್ಲೇ ನಿಂತುಬಿಟ್ಟೆ. ಈ ಬಣ್ಣವನ್ನು ಮರೆತೇಬಿಟ್ಟಿದ್ದೆನಲ್ಲ ಎನ್ನಿಸಿ ಕಣ್ಣು ತುಂಬಿತು. ಕಣ್ಣಿಗೆ ನೀರು ಬರಬಾರದು ಎಂದು ಡಾಕ್ಟರು ಹೇಳಿದ್ದರಿಂದ ಬೇಗ ಒಳಗೆ ಬಂದೆ.

ಬಂದು ಲ್ಯಾಪ್‌ಟಾಪ್ ತೆರೆದೆ. ತೆರೆಯಬಾರದಾಗಿತ್ತು.

ಪೊರೆ ಬಂದ ಕಣ್ಣು ಲೋಕಕ್ಕೆಲ್ಲ ಒಂದು ಅರಿಶಿನದ ಮಬ್ಬು ಬಳಿಯುತ್ತದಂತೆ. ನೀಲಿ ಸಾಯುತ್ತದೆ, ನೇರಳೆ ಮಂಕಾಗುತ್ತದೆ. ನಾನು ಇದು ಗೊತ್ತಿಲ್ಲದೆ, ಎರಡು ವರ್ಷ, ನೇರಳೆ ಸಾಲದು ಇನ್ನಷ್ಟು, ನೀಲಿ ಸಾಲದು ಇನ್ನಷ್ಟು ಎಂದು ಸುರಿಯುತ್ತಲೇ ಬಂದಿದ್ದೆ. ಬದನೆಕಾಯಿಯ ಗಂಭೀರ ಬಣ್ಣವೆಂದು ನಾನು ಕೂಡಿಸಿದ ಜೋಡಿ ನೋಡಿದರೆ ಕಿರುಚುವ ನೇರಳೆ. ಅದರ ಪಕ್ಕ ಗಿಳಿಯನ್ನೂ ಓಡಿಸುವ ಹಸಿರು. ಒಂದೊಂದೇ ಕಡತ ತೆರೆದು ನೋಡುತ್ತ ಹೋದೆ. ಇವನ್ನು ಉಟ್ಟುಕೊಂಡು ಮುಧೋಳ, ಬೀಳಗಿಯ ಹೆಣ್ಣುಮಕ್ಕಳು ಬೀದಿಯಲ್ಲಿ ನಡೆದಿದ್ದಾರೆಯೇ? ಅದೇ ಗಳಿಗೆಯಲ್ಲಿ ಪದ್ಮಣ್ಣ ಸಾವಕಾರರಿಗೆ ಫೋನು ಮಾಡಿದೆ.

"ಸಾವಕಾರ, ದೊಡ್ಡ ತಪ್ಪಾಗೇತ್ರಿ. ಕಣ್ಣಿನ್ಯಾಗ ಪರಿ ಬಂದಿತ್ತು. ಬಣ್ಣಾ ಎಲ್ಲಾ ಹೆಚ್ಚು ಕಡಿಮಿ ಆಗ್ಯಾವು. ಮಾಲ ನಿಂದರಸ್ರಿ, ಹೊಸಾ ಜೋಡಿ ಕೂಡಿಸಿ ಕಳಸ್ತೀನಿ."

"ನಿಂದ್ರಸೂದಾ? ಏನ ಮಾತಾಡ್ತೀರಿ ಈರಣ್ಣಾರ? ಅವ ಬಣ್ಣಕ್ಕ ಮಂದಿ ಕೇಳ್ಕೊಂಡ ಬರ್ತಾರ!"

ಆದರೂ ಹೊಸ ಕಣ್ಣಿನಿಂದ, ಹೊಸ ಸ್ಕ್ರೀನಿನಲ್ಲಿ, ತೂಕವಾದ ಒಂದು ಜೋಡಿ ಕೂಡಿಸಿ ಕಳಿಸಿದೆ. ನನ್ನ ಜೀವಮಾನದಲ್ಲೇ ಒಳ್ಳೆಯ ಕೆಲಸ ಅದು. ಸಾವಕಾರರು ನೋಡಿ, ಬೇಜಾರಾಗದಂತೆ ಎಷ್ಟು ನಯವಾಗಿ ಹೇಳಬಹುದೋ ಅಷ್ಟು ನಯವಾಗಿ, "ಛಲೋ ಐತ್ರಿ. ಖರೆ, ಇದರಾಗ ಜೀವಾ ಇಲ್ಲ. ನೀವು ಮೊದಲ ಹೆಂಗ ಮಾಡ್ತಿದ್ರಿ ಹಂಗ ಮಾಡ್ರಿ," ಎಂದರು. ಕಣ್ಣು ಕಾಣುವ ಕಲಾವಿದನಿಗೆ ಇದಕ್ಕಿಂತ ದೊಡ್ಡ ಬಿರುದು ಬೇಕೆ? ಈಗಲೂ ನಾನೊಲ್ಲದ ಬಣ್ಣಗಳೇ ಹೋಗುತ್ತವೆ. ನಾನು ಅವನ್ನು ಕೂಡಿಸುವಾಗ ಆ ಕಡೆ ಮುಖ ಮಾಡಿಕೊಂಡು ಕೂಡಿಸುತ್ತೇನೆ.

ಮೊನ್ನೆ ಗಲಗಲಿಯಲ್ಲಿ ಕಸ್ತೂರಿಯ ಅಕ್ಕನ ಮಗಳ ಲಗ್ನವಿತ್ತು. ಆಪರೇಶನ್ ಆದ ಮೇಲೆ ನಾವಿಬ್ಬರೂ ಹೊರಟ ಮೊದಲ ಲಗ್ನ. ನಾನು ತಯಾರಾಗಿ ಬಾಗಿಲಲ್ಲಿ ನಿಂತು ಬಸ್ಸಿಗೆ ಹೊತ್ತಾಯಿತೆಂದು ಕೂಗಿದೆ. ಕಸ್ತೂರಿ ಟ್ರಂಕಿನಿಂದ ಒಂದು ಸೀರೆ ತೆಗೆದು ಅರ್ಧ ಸುತ್ತಿಕೊಂಡು ನಿಂತಿದ್ದಳು. ಕಿಟಕಿಯ ಬೆಳಕು ಅದರ ಮೇಲೆ ಬಿದ್ದಿತ್ತು. ಕಣ್ಣಿಗೆ ರಪ್ಪನೆ ಹೊಡೆಯಿತು. ಆ ಹಾಳು ನೇರಳೆಯ ಮೊದಲನೇ ಸೀರೆ ಅದು. ಮಲ್ಲಪ್ಪ ಕಾಕಾನ ಮಗ್ಗದಿಂದ ಇಳಿದ ದಿನವೇ ನಾನು ಹೆಮ್ಮೆಯಿಂದ ತಂದು ಆಕೆಯ ಕೈಗೆ ಕೊಟ್ಟಿದ್ದೆ. ಆಮೇಲೆ ಎಲ್ಲಿಗೆ ಹೊರಟರೂ ಆಕೆ ಉಟ್ಟದ್ದು ಅದನ್ನೇ.

"ಕಸ್ತೂರಿ, ಎರಡ ವರ್ಷ ಇದನ್ನ ಉಟಗೊಂಡ ಊರೆಲ್ಲಾ ಅಡ್ಡಾಡೀದಿ?"

"ಹೂಂರಿ."

"ಮಂದಿ ನಗಲಿಲ್ಲೇನ?"

"ನಕ್ರು. ನಮ್ಮಕ್ಕ ಅಂತೂ ಮುಖದ ಮ್ಯಾಲನ ಅಂದ್ಲು, ಇದೇನ ಹಿಂಗ ಹೊಡೀತೈತಲ್ಲ ಅಂತ."

"ಮತ್ತ ಯಾಕ ಉಡ್ತಿದ್ದಿ? ನಾ ಮಾಡೀನಿ ಅಂತೇನ?"

ಆಕೆ ನೆರಿಗೆ ಹಾಕುವುದನ್ನು ನಿಲ್ಲಿಸಲಿಲ್ಲ. "ಮಂದ್ಯಾಗ ನಿಮಗ ನಾ ಕಾಣವಲ್ಲೆ ಆಗಿದ್ದೆರಿ. ಸಾವಳಗಿ ಲಗ್ನದಾಗ ನನ್ನ ಮುಂದನ ಹಾದು, ನನ್ನ ಹುಡುಕ್ಕೊಂತ ಹೊಂಟಿದ್ರಿ. ನನಗ ನೋಡಾಕ ಆಗಲಿಲ್ಲ. ಇದನ್ನ ಉಟ್ರ ಎಷ್ಟ ದೂರ ಇದ್ರೂ ನೆಟ್ಟಗ ನನ್ನ ಕಡೆನ ಬರ್ತಿದ್ರಿ."

ಬಸ್ ನಿಲ್ದಾಣದ ಗದ್ದಲದಲ್ಲಿ, ಊಟದ ಪಂಕ್ತಿಯಲ್ಲಿ, ಎಷ್ಟು ಸಲ ನೆಟ್ಟಗೆ ನಡೆದು ಹೋಗಿ ಆಕೆಯ ಪಕ್ಕ ನಿಂತಿದ್ದೆ! ನೋಡು, ನನ್ನ ಕಣ್ಣಿಗೇನಾಗಿದೆ ಎಂದು ಜಂಬವನ್ನೂ ಕೊಚ್ಚಿದ್ದೆ. ಆಕೆ ಒಂದು ಸಲವೂ ಎದುರು ಹೇಳಲಿಲ್ಲ.

"ಈಗ ನಿಮಗ ಕಾಣತೈತಲ್ಲ, ತಡೀರಿ, ಬ್ಯಾರೇದ ಉಟಗೊಂಡ ಬರ್ತೀನಿ," ಎಂದು ಸೆರಗು ಇಳಿಸಿದಳು.

"ಬ್ಯಾಡ," ಎಂದೆ. "ಇದನ್ನ ಉಡು."

"ಬಸ್ಸಿಗಿ ಹೊತ್ತಾಗೇತಿ ಅಂತೀರಿ. ಹಂಗಾರ ಬಂದ ನೆರಗಿ ಹಿಡೀರಿ," ಎಂದಳು. ನಾನು ನೆಲದ ಮೇಲೆ ಕೂತು, ನೆರಿಗೆಗಳನ್ನು ಒಂದೊಂದಾಗಿ ಕೂಡಿಸಿ ಹಿಡಿದೆ.